ಓಡಿ

ನಮ್ಮ ಕಡೆ ಯಾರೂ ಬಾಗಿಲು ಬಡಿಯುವುದಿಲ್ಲ.
ಅಂಗಳದ ಅಂಚಿಗೆ ನಿಂತು "ಓಡಿ" ಅನ್ನುತ್ತಾರೆ,
ಒಳಗೆ ಬರಲೇ ಅಂತ.
ಅಟ್ಟದ್ದು ಸಾಲಲಿ ಸಾಲದಿರಲಿ
ಅವ್ವನದು ಒಂದೇ ಉತ್ತರ: "ಇಂಗಿಲೇನಿ", ಬನ್ನಿ, ಬನ್ನಿ.
ಆಮೇಲೆ ಒಲೆಯ ಮುಂದೆ ಬಗ್ಗಿ, ಮುಚ್ಚಳ ಎತ್ತಿ,
ಪಾತ್ರೆಯನ್ನು ಬೈಯುತ್ತಿದ್ದಳು
ಸಣ್ಣ ದನಿಯಲ್ಲಿ.
ಬಂದವರನ್ನು ಎಂದೂ ಅಲ್ಲ. ಪಾತ್ರೆಯನ್ನು.

ಮ್ಪಿಕಾದಿಂದ ಎರಡು ತಾಸು ಈಚೆಗೆ,
ಹೆದ್ದಾರಿಗೆ ಆತುಕೊಂಡ ಮನೆ.
ದಾರ್ ಎಸ್ ಸಲಾಮಿಗೆ ತಾಮ್ರ ಹೊತ್ತ ಲಾರಿಗಳು
ಗೋಡೆಯ ಮಣ್ಣು ಉದುರಿಸಿಕೊಂಡೇ ಹೋಗುತ್ತಿದ್ದವು.
ಕೆಟ್ಟು ನಿಲ್ಲುವುದಿದ್ದರೆ
ಹುಡುಕಿಕೊಂಡು ಬಂದ ಹಾಗೆ
ನಮ್ಮ ಮಾವಿನ ಮರದೆದುರೇ ನಿಲ್ಲುತ್ತಿದ್ದವು.

ಡ್ರೈವರು, ಅವನ ಕ್ಲೀನರು,
ಆಸ್ಪತ್ರೆಗೆ ಹೊರಟ ಬಸುರಿ, ಜೊತೆಗೆ ಜಗಳಗಂಟಿ ಅತ್ತೆ,
ಕೊನೆಯ ಬಸ್ಸು ತಪ್ಪಿದ ಕೋಳಿ ವ್ಯಾಪಾರಿ ಮಲಾಮಾ,
ಬುಟ್ಟಿ ಸಮೇತ.
ನನ್ನ ಹಾಸಿಗೆ ಅವರದು. ನನ್ನ ಹೊದಿಕೆ ಅವರದು.
ನನಗೆ ಅಡುಗೆಮನೆಯ ಚಾಪೆ,
ಅವ್ವನ ಚಿಟೆಂಗೆ ಬಟ್ಟೆಯ ಒಂದು ಅಂಚು,
ತಲೆದೆಸೆಗೆ ರಾತ್ರಿಯಿಡೀ ಗೊಣಗುವ ಕೋಳಿಗಳು.

ಊಟಕ್ಕೆ ಮೊದಲು
ಕೈಗೆ ನೀರು ಹಾಕುವ ಕೆಲಸ ನನ್ನದು.
ಮಂಡಿಯೂರಿ, ಕೆಳಗೆ ಬೋಗುಣಿ ಇಟ್ಟು,
ತಂಬಿಗೆಯಿಂದ ಸಣ್ಣಗೆ, ಮುಖ ನೋಡದೆ.
ಹೀಗೆ ಬೆಳೆದವಳಿಗೆ ಮುಖಗಳಿಗಿಂತ ಕೈಗಳೇ ನೆನಪು:
ಗ್ರೀಸು ಕಚ್ಚಿದ ಉಗುರು,
ಉಂಗುರ ಹೋಗಿ ಗುರುತು ಉಳಿದ ಬೆರಳು,
ನೀರು ನಿಂತ ಮೇಲೂ ಚಾಚಿಕೊಂಡೇ ಇದ್ದ
ಒಬ್ಬ ಮುದುಕನ ಕೈ.

ಜೂನಿನ ಚಳಿ. ಒಂದು ರಾತ್ರಿ
ಬೇಕೆಂದೇ ತಣ್ಣೀರು ಸುರಿದೆ.
ಬಂದಾತ ತುಟಿ ಬಿಚ್ಚಲಿಲ್ಲ. ಅವ್ವನೂ.
ಆದರೆ ಮರುದಿನ ನನ್ನ ಸ್ನಾನಕ್ಕೆ
ಒಲೆ ಹೊತ್ತಲಿಲ್ಲ.

ಭಾನುವಾರದ ಪಾಠದಲ್ಲಿ ಹೇಳಿದ್ದರು,
ಬಂದುಹೋಗುವವರೊಳಗೆ ದೇವದೂತರೂ ಇರುತ್ತಾರೆ,
ಗುರುತು ಸಿಗುವುದಿಲ್ಲ ಅಂತ.
ಮಲಾಮಾನ ಬೆನ್ನನ್ನು ಕದ್ದು ನೋಡಿದೆ.
ಇದ್ದವು ಎರಡು ಪುಕ್ಕ. ಕೋಳಿಯವು.
"ಅವ್ವಾ, ಇಷ್ಟು ಜನರಲ್ಲಿ
ಒಬ್ಬನಾದರೂ ದೇವದೂತ ಬಂದಿದ್ದಾನೆಯೇ?"
ಕಪೆಂಟಾ ಮೀನಿನಿಂದ ಮರಳು ಆರಿಸುತ್ತಿದ್ದವಳು
ತಲೆ ಎತ್ತಲಿಲ್ಲ.
"ದೇವದೂತರಿಗೆ ಹಸಿವಾಗುವುದಿಲ್ಲ ಕಣೆ.
ಇವರಿಗೆ ಹಸಿದಿದೆ. ನೀರು ತಾ."

ಈಗ ನಾನು ಲಸಿಕೆಯ ಪೆಟ್ಟಿಗೆ ಹೊತ್ತು
ಬಾಂಗ್ವೆಯುಲು ಜೌಗಿನ ದ್ವೀಪಗಳಿಗೆ ಹೋಗುವವಳು.
ಮೊನ್ನೆ ದೋಣಿಯ ಎಂಜಿನ್ನು ಕೆಮ್ಮಿ ಕೆಮ್ಮಿ ಸುಮ್ಮನಾಯಿತು.
ಕತ್ತಲು. ಜೊಂಡು. ದೂರಕ್ಕೊಂದು ಬೆಂಕಿ.
ಯಾರದೋ ಅಂಗಳದ ಅಂಚಿಗೆ, ಒದ್ದೆ ಕಾಲಲ್ಲಿ, ನಿಂತೆ.
ಆ ಎರಡಕ್ಷರ ನನ್ನ ಬಾಯಿಂದ ಬಂದಾಗ
ಗಂಟಲಲ್ಲಿ ಸಿಕ್ಕಿಕೊಂಡವು;
ಇಷ್ಟು ವರ್ಷ ಆ ಮಾತನ್ನು
ಒಳಗಿನಿಂದ ಕೇಳಿ ಮಾತ್ರ ಗೊತ್ತಿತ್ತು.

"ಇಂಗಿಲೇನಿ."
ಬಿಳಿ ಮುದ್ದೆ, ಎರಡು ಬೆರಳಿನಷ್ಟು ಮೀನು.
ಒಂಬತ್ತರ ಹುಡುಗಿ, ಮ್ವಾಪೆ ಅಂತ ಹೆಸರು,
ಮಂಡಿಯೂರಿದಳು. ಬೋಗುಣಿ ಇಟ್ಟಳು.
ಮುಖ ನೋಡಲಿಲ್ಲ.
ನೀರು ಮಂಜಿನಷ್ಟು ತಣ್ಣಗಿತ್ತು.

ನಾನು ಏನೂ ಅನ್ನಲಿಲ್ಲ.

ರಾತ್ರಿ ಅವಳ ಹಾಸಿಗೆ ನನಗೆ.
ದಿಂಬಿನಡಿ ಒಂದು ಮೋಟು ಪೆನ್ಸಿಲು,
ಬಚ್ಚಿಟ್ಟ ಹಿಡಿ ಕಡಲೆಕಾಯಿ.
ಮುಟ್ಟದೆ ಮಲಗಿದೆ,
ಯಾರದೋ ಗುಡಿಸಲಲ್ಲಿ ಕಳ್ಳತನಕ್ಕೆ ಬಂದವಳ ಹಾಗೆ
ಉಸಿರು ಹಿಡಿದು.

ಬೆಳಕು ಹರಿಯುವ ಮೊದಲೇ ಎದ್ದು ಇದ್ದಿಲು ಹೊತ್ತಿಸಲು ಕೂತೆ.
ಹೊಗೆಯೇ ಹೊಗೆ. ಮ್ವಾಪೆ ಬಂದು,
ನನ್ನನ್ನು ಪಕ್ಕಕ್ಕೆ ಸರಿಸಿ, ಎರಡು ಸಲ ಊದಿದಳು,
ಹೊತ್ತಿಕೊಂಡಿತು.
ನೀರು ಕಾದ ಮೇಲೆ ನಾನು ಮಂಡಿಯೂರಿ
"ಕೈ ಚಾಚು" ಅಂದೆ.
ದೊಡ್ಡವರು ಹಾಗೆ ಮಾಡಬಾರದು ಅಂತ ಹಿಂದೆ ಸರಿದಳು.
ಆಮೇಲೆ ಒಂದೇ ಕೈ ಚಾಚಿದಳು,
ಇನ್ನೊಂದನ್ನು ಬೆನ್ನ ಹಿಂದೆ ಇಟ್ಟುಕೊಂಡು.

ಹೊರಗೆ, ಮಂಜಿನೊಳಗಿಂದ, ಯಾರೋ
"ಓಡಿ" ಅಂದರು.
ನಾವಿಬ್ಬರೂ ಒಟ್ಟಿಗೇ
ಪಾತ್ರೆಯ ಕಡೆ ನೋಡಿದೆವು.